ಹಿಡಿಕೆಗೆ ಕಟ್ಟಿದ ಟವೆಲ್ಲು

ನಮ್ಮ ಮನೆಯ ಕಪಾಟಿನಲ್ಲಿ ಆರು ಬಿಳಿ ಟವೆಲ್ಲುಗಳಿವೆ. ಆರರ ಮೂಲೆಯಲ್ಲೂ ಹಸಿರು ದಾರದಲ್ಲಿ ಹೆಣೆದ ಹೆಬ್ಬೆರಳಿನ ಉಗುರಿನಷ್ಟು ಸಣ್ಣ ವೀಳ್ಯದೆಲೆ. ಹೆಣೆದವಳು ನಾನು. ಆ ಎಲೆ ಯಾವುದೋ ದಿನ ಒಬ್ಬ ಮನುಷ್ಯನ ನೌಕರಿಯ ಸಾಕ್ಷಿಯಾಗಿ ಸರಕಾರಿ ಮೇಜಿನ ಮೇಲೆ ಕೂರುತ್ತದೆ ಎಂದು ಸೂಜಿ ಹಿಡಿದಾಗ ಅಂದುಕೊಂಡಿರಲಿಲ್ಲ.

ನನ್ನ ತವರು ಸವಣೂರು. ಅಪ್ಪನದು ಎಲೆ ವ್ಯಾಪಾರ. ಬಿದಿರಿನ ಬುಟ್ಟಿಯಲ್ಲಿ ಒದ್ದೆ ಬಟ್ಟೆ ಹಾಸಿ ಎಲೆ ಜೋಡಿಸುವ ವಾಸನೆಯಲ್ಲೇ ಹುಟ್ಟಿದವಳು ನಾನು. ಓದಿದ್ದು ಹುಬ್ಬಳ್ಳಿಯ ಒಂದು ಕಾನ್ವೆಂಟಿನಲ್ಲಿ, ಹಾಸ್ಟೆಲಿನಲ್ಲಿದ್ದುಕೊಂಡು. ಅಲ್ಲಿ ಹೊಲಿಗೆ ಕಲಿಸುವ ಸಿಸ್ಟರ್ ಒಬ್ಬರಿದ್ದರು. ನಾವು ಕಸೂತಿ ಮುಗಿಸಿ ತೋರಿಸಲು ಹೋದರೆ ಅವರು ಮೊದಲು ಬಟ್ಟೆಯನ್ನು ತಿರುವಿ ಹಿಂಬದಿ ನೋಡುತ್ತಿದ್ದರು. ಹಿಂದೆ ದಾರ ಗಂಟುಗಂಟಾಗಿದ್ದರೆ ಮುಂದಿನ ಹೂವು ಎಷ್ಟು ಚೆಂದವಿದ್ದರೂ ಬಿಚ್ಚಿಸುತ್ತಿದ್ದರು. ಅಂದಿನಿಂದ ನನಗೆ ಯಾವುದನ್ನು ಕಂಡರೂ ಅದರ ಹಿಂಬದಿ ನೋಡುವ ಚಾಳಿ.

ಕರೆಂಟಿನ ಹಿಂಬದಿಯನ್ನು ನನಗೆ ತೋರಿಸಿದವರು ನಮ್ಮವರು. ಅವರು ವಿದ್ಯುತ್ ಕಂಪನಿಯಲ್ಲಿ ಇಂಜಿನಿಯರು. ಮದುವೆಯಾದ ಹೊಸತರಲ್ಲಿ ನಾವು ಹಿರೇಕೆರೂರಿನಲ್ಲಿ ಎರಡು ಖೋಲಿಯ ಕ್ವಾರ್ಟರ್ಸಿನಲ್ಲಿದ್ದೆವು. ಒಂದು ಭಾನುವಾರ ಅವರು ರಟ್ಟಿನ ಡಬ್ಬಿ ತುಂಬ ರಬ್ಬರಿನ ಕೈಗವಸು ತಂದು ನಮ್ಮ ಹೊಸ ಚಾದರದ ಮೇಲೆ ಸುರುವಿದರು. ಲೈನ್‌ಮನ್‌ಗಳು ತಂತಿ ಮುಟ್ಟುವಾಗ ಹಾಕಿಕೊಳ್ಳುವ ಗವಸುಗಳು ಅವು. ಬಾಯಿಯ ಕಡೆಯಿಂದ ಸುರುಳಿ ಸುತ್ತುತ್ತ ಬಂದರೆ ಒಳಗಿನ ಗಾಳಿಯೆಲ್ಲ ಬೆರಳುಗಳಿಗೆ ಸೇರಿ ಐದೂ ಬೆರಳು ಉಬ್ಬಿ ನಿಲ್ಲುತ್ತವೆ. ಹಾಗೆ ಉಬ್ಬಿಸಿ ನನ್ನ ಕೈಗೆ ಕೊಟ್ಟು, "ಗಲ್ಲಕ್ಕ ಹಿಡಿ. ಎಲ್ಲ್ಯರ ಗಾಳಿ ಹತ್ತಿದ್ರ ಹೇಳು" ಎಂದರು.

ನಾನು ಕಣ್ಣು ಮುಚ್ಚಿ ಒಂದೊಂದನ್ನೇ ಗಲ್ಲಕ್ಕೆ ಹಿಡಿದೆ. ನಾಲ್ಕನೆಯದೋ ಐದನೆಯದೋ ಗವಸಿನಲ್ಲಿ, ನಿದ್ದೆ ಮಾಡುವ ಕೂಸಿನ ಉಸಿರಿನಷ್ಟು ಗಾಳಿ ಚರ್ಮಕ್ಕೆ ತಾಗಿತು. ಕಣ್ಣಿಗೆ ತೂತು ಕಾಣಲಿಲ್ಲ.

"ಇಷ್ಟು ಸಣ್ಣ ತೂತಿನ್ಯಾಗ ಏನಾಗತೈತ್ರಿ?" ಎಂದು ಕೇಳಿದೆ.

"ಕರೆಂಟಿಗೆ ಬಾಗಲಾ ಬೇಕಾಗೂದಿಲ್ಲ" ಎಂದರು ನಮ್ಮವರು.

ಮಧ್ಯಾಹ್ನದ ಹೊತ್ತಿಗೆ ನಮ್ಮ ಚಾದರದ ಮೇಲೆ ಎರಡು ಗುಂಪಾಗಿದ್ದವು. ಒಳ್ಳೆಯ ಗುಂಪಿಗಿಂತ ಕೆಟ್ಟ ಗುಂಪು ದೊಡ್ಡದಿತ್ತು. ಆ ಕೆಟ್ಟ ಗವಸುಗಳನ್ನು ಎತ್ತಿಕೊಂಡು ಅವರು ನೇರ ಕಾರ್ಮಿಕರ ಸಂಘದ ಸಭೆಗೆ ಹೋದರು. ಹೊಸ ಗವಸು ಕೊಡಿ ಎಂಬ ಅರ್ಜಿಗೆ ಮೊದಲ ಸಹಿ ಮಾಡಿ ತಾವೂ ಸದಸ್ಯರಾಗಿ ಬಂದರು. ಇಂಜಿನಿಯರುಗಳು ಸಾಮಾನ್ಯವಾಗಿ ತಮ್ಮದೇ ಬೇರೆ ಸಂಘದಲ್ಲಿರುತ್ತಾರೆ. ಇವರು ಕಾರ್ಮಿಕರ ಸಂಘ ಸೇರಿದ್ದು ಗೊತ್ತಾದಾಗ ಅಪ್ಪ ಎಲೆಯ ತೊಟ್ಟು ಮುರಿಯುತ್ತ ಅಳಿಯನನ್ನು ಕೆಣಕಿದ್ದರು.

"ನೀವು ಸಾಹೇಬ್ರೋ, ಕೂಲಿಯವ್ರೋ? ಒಂದ ಕಡೆ ನಿಂದರ್ರಿ ಅಳಿಯಾದೇವ್ರ."

"ಕಂಬ ಒಂದ ಐತ್ರಿ ಮಾವಾರ. ಮ್ಯಾಲ ಅವರು, ಕೆಳಗ ನಾವು. ಸಂಘ ಎರಡ್ಯಾಕ?"

ಅಪ್ಪ ಸುಣ್ಣ ಜಾಸ್ತಿ ಹಚ್ಚಿ ಎಲೆಯನ್ನು ಅಳಿಯನ ಕೈಗಿತ್ತರು.

ಹಿರೇಕೆರೂರಿನಿಂದ ಹಾನಗಲ್ಲಿಗೆ ವರ್ಗವಾಯಿತು. ಟವೆಲ್ಲಿನ ಕತೆ ಶುರುವಾಗುವುದು ಅಲ್ಲಿಂದ.

ಅದನ್ನು ಹೇಳುವ ಮೊದಲು ಒಂದು ಮಾತು ತಿಳಿಸಬೇಕು. ನಮ್ಮಂಥವರಿಗೆ ಕರೆಂಟು ಹೋಯಿತು, ಬಂತು ಎಂದಷ್ಟೇ ಗೊತ್ತು. ತಂತಿಯ ಮೇಲೆ ಕೆಲಸ ಮಾಡಬೇಕಾದರೆ ಮೊದಲು ವಿದ್ಯುತ್ ಸ್ಟೇಶನ್ನಿನಿಂದ "ಲೈನ್ ಕ್ಲಿಯರ್" ಪಡೆಯಬೇಕು, ಎಂದರೆ ಈ ಲೈನಿಗೆ ಈಗ ಯಾರೂ ಕರೆಂಟು ಬಿಡುವುದಿಲ್ಲ ಎಂಬ ಮಾತು. ಅದು ಪುಸ್ತಕದಲ್ಲಿ ದಾಖಲಾಗುತ್ತದೆ. ಆಮೇಲೆ ಊರ ಹೊರಗಿನ ಸ್ವಿಚ್ಚಿನ ಕಂಬದ ಹತ್ತಿರ ಹೋಗಿ, ಎದೆಯೆತ್ತರಕ್ಕಿರುವ ಕಬ್ಬಿಣದ ಹಿಡಿಕೆಯನ್ನು ಕೆಳಗೆ ಎಳೆಯಬೇಕು. ಹಿಡಿಕೆ ಕೆಳಗಿದ್ದರೆ ತಂತಿ ಸತ್ತಿದೆ, ಮೇಲಿದ್ದರೆ ಜೀವ ಇದೆ. ಕೆಲಸ ಮುಗಿದ ಮೇಲೆ ಲೈನ್ ಕ್ಲಿಯರನ್ನು ಸ್ಟೇಶನ್ನಿಗೆ ಮರಳಿಸಿ, ಹಿಡಿಕೆ ಎತ್ತಬೇಕು. ನಿಯಮ ಇಷ್ಟೇ.

ಹಾನಗಲ್ಲ ತಾಲೂಕಿನ ಆಡೂರಿನಲ್ಲಿ ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಲೈನ್‌ಮನ್ ಇದ್ದರು. ಅವರು ಕಂಬ ಹತ್ತುವ ಮೊದಲು ತಮ್ಮ ಹೆಗಲ ಟವೆಲ್ಲನ್ನು ಆ ಹಿಡಿಕೆಗೆ ಬಿಗಿದು ಕಟ್ಟುತ್ತಿದ್ದರು. ಇಳಿದು ಬಂದ ಮೇಲೆ ತಾವೇ ಬಿಚ್ಚುತ್ತಿದ್ದರು. ಜೊತೆಯವರಿಗೂ ಅದನ್ನೇ ಕಲಿಸಿದ್ದರು. ನಮ್ಮವರು ಯಾಕೆ ಎಂದು ಕೇಳಿದಾಗ ಅವರು ಹೇಳಿದ್ದು ಸ್ವಲ್ಪವೇ. ಹಿಂದೆ ಯಾವುದೋ ಊರಲ್ಲಿ, ಯಾವ ಊರೆಂದು ಅವರು ಎಂದೂ ಹೇಳಲಿಲ್ಲ, "ಎಲ್ಲಾರೂ ಇಳದಾರ" ಎಂದು ಯಾರೋ ಫೋನಿನಲ್ಲಿ ಹೇಳಿದರಂತೆ, ಪುಸ್ತಕದಲ್ಲೂ ಬರೆದರಂತೆ. ಅವರ ಗೆಳೆಯ ಮಾತ್ರ ಇನ್ನೂ ಕಂಬದ ಮೇಲಿದ್ದ.

"ಪುಸ್ತಕಕ್ಕ ಕೈ ಸುಡೂದಿಲ್ರಿ ಸಾಹೇಬ್ರ" ಎಂದರಂತೆ ಆ ಹಿರಿಯರು. "ಕಟ್ಟಿದಾಂವನ ಕೈನ ಬಿಚ್ಚಬೇಕು. ಫೋನು ಪೀನು ನಡಿಯೂದಿಲ್ಲ."

ಅಂದು ಸಂಜೆ ನಮ್ಮವರು ಮನೆಗೆ ಬಂದು ಕೈಕಾಲು ತೊಳೆಯದೆ ಕಪಾಟು ತೆಗೆದು ನಿಂತರು. "ನಾಳಿಂದ ನನಗ ಕರ್ಚೀಪು ಬ್ಯಾಡ. ಟವೆಲ್ ಕೊಡು" ಎಂದರು. ನೀವು ಕಂಬ ಹತ್ತುವುದಿಲ್ಲವಲ್ಲ ಎಂದು ನಾನು ಕೇಳಿದ್ದಕ್ಕೆ, "ಹತ್ತಿಸೂದು ನಾನ ಅಲ್ಲ?" ಎಂದರು.

ಟವೆಲ್ಲುಗಳು ಅದಲುಬದಲಾಗಿ ಯಾರದೋ ಬೀಡಿಯ ವಾಸನೆ ನಮ್ಮ ಮನೆಗೆ ಬರತೊಡಗಿದಾಗ ನಾನು ಸೂಜಿ ಹಿಡಿದೆ. ಗುರುತಿಗೆ ಏನು ಹಾಕಲಿ ಎಂದು ಯೋಚಿಸುವಾಗ ಅಪ್ಪನ ಬುಟ್ಟಿ ನೆನಪಾಯಿತು. ವೀಳ್ಯದೆಲೆ ಹಾಕಿದೆ. ಹಿಂಬದಿಯಲ್ಲೂ ಗಂಟಿಲ್ಲದ ಹಾಗೆ. ಲೈನ್‌ಮನ್‌ಗಳು ಅದಕ್ಕೆ "ಎಲಿ ಟವೆಲ್" ಎಂದು ಹೆಸರಿಟ್ಟರು. ನಾವು ಶಿಗ್ಗಾವಿಗೆ ಬಂದ ಮೇಲೆ ನಮ್ಮವರು ಅಲ್ಲಿಯ ಎಲ್ಲರಿಗೂ ಆಡೂರಿನ ಪದ್ಧತಿ ಕಲಿಸಿದರು. ಒಮ್ಮೆ ಬಸ್ಸಿನಲ್ಲಿ ಹೋಗುವಾಗ ಹೊಲದ ಅಂಚಿನ ಒಂದು ಹಿಡಿಕೆಗೆ ಐದಾರು ಟವೆಲ್ಲು ತೂಗಾಡುತ್ತಿದ್ದುದನ್ನು ಕಂಡೆ. ಕೆಂಪು, ಚೌಕಳಿ, ಮಾಸಿದ ಹಳದಿ. ಅಷ್ಟು ಮನೆಗಳ ಹೆಂಗಸರು ಒಗೆದು ಮಡಚಿಟ್ಟ ಬಟ್ಟೆ. ನಡುವೆ ನನ್ನ ಎಲೆಯೂ ಇತ್ತು. ಬಸ್ಸು ಮುಂದೆ ಹೋದ ಮೇಲೂ ನಾನು ಕತ್ತು ತಿರುಗಿಸಿಯೇ ಇದ್ದೆ.

ಎರಡು ಬೇಸಿಗೆಯ ಹಿಂದೆ ಜೋರಾದ ಅಡ್ಡಮಳೆ ಗಾಳಿಗೆ ಶಿಗ್ಗಾವಿ ತಾಲೂಕಿನಲ್ಲಿ ಎಷ್ಟೋ ಕಂಬ ಉರುಳಿದವು. ಹಿರೇಬೆಂಡಿಗೇರಿಗೆ ಮೂರು ದಿನ ಕರೆಂಟಿರಲಿಲ್ಲ. ಕರೆಂಟಿಲ್ಲದೆ ಪಂಪಿಲ್ಲ, ಪಂಪಿಲ್ಲದೆ ನಲ್ಲಿಯಲ್ಲಿ ನೀರಿಲ್ಲ. ಮೂರನೆಯ ದಿನ ಮಧ್ಯಾಹ್ನ ಲೈನು ಸರಿಯಾಯಿತು. ಹುಡುಗರೆಲ್ಲ ತಂತಮ್ಮ ಟವೆಲ್ಲು ಬಿಚ್ಚಿಕೊಂಡು ಟ್ರ್ಯಾಕ್ಟರು ಹತ್ತಿ ಬೇರೆ ಊರಿಗೆ ಹೋದರು. ಊರಿನ ಲೈನ್‌ಮನ್‌ನನ್ನು ಸ್ವಿಚ್ಚಿನ ಕಂಬದ ಹತ್ತಿರ ನಿಲ್ಲಿಸಿ, ನಮ್ಮವರು ಒಬ್ಬರೇ ಹೊಲದಲ್ಲಿ ಲೈನಿನುದ್ದಕ್ಕೂ ನಡೆದು ಇನ್ನೊಮ್ಮೆ ಎಲ್ಲ ನೋಡಿದರು. ಸರಿ ಇದೆ ಎನಿಸಿ ಸ್ಟೇಶನ್ನಿಗೆ ಫೋನು ಮಾಡಿ ಲೈನ್ ಕ್ಲಿಯರ್ ಮರಳಿಸಿದರು. ಇನ್ನು ಉಳಿದದ್ದು ಸ್ವಿಚ್ಚಿನ ಕಂಬದ ಹತ್ತಿರ ಹೋಗಿ ತಮ್ಮ ಟವೆಲ್ಲು ಬಿಚ್ಚುವುದೊಂದೇ.

ಆಗಲೇ ನಾನು ಫೋನು ಮಾಡಿದೆ. ಸವಣೂರಿನಲ್ಲಿ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ದವಾಖಾನೆಗೆ ಒಯ್ದಿದ್ದರು. ಸುದ್ದಿ ತಿಳಿದು ಸವಣೂರಿಗೆ ಓಡಿದ್ದ ನಾನು ದವಾಖಾನೆಯಿಂದಲೇ ಅಳುತ್ತ ಮಾತಾಡಿದೆ. ನನ್ನ ಮಾತು ಮುಗಿಯುವಷ್ಟರಲ್ಲಿ ಅವರ ಫೋನಿನ ಚಾರ್ಜು ಮುಗಿದಿತ್ತು. ಅವರು ಹೊಲದಲ್ಲಿ ನಿಲ್ಲಿಸಿದ್ದ ಬೈಕು ಹತ್ತಿ ನೇರ ಸವಣೂರಿನ ದಾರಿ ಹಿಡಿದರು.

ಅಪ್ಪನಿಗೆ ಮುರಿದದ್ದು ಮುಂಗೈ ಮಾತ್ರ. ಡಾಕ್ಟರು ಪ್ಲಾಸ್ಟರು ಹಾಕಿ, ಗಾಬರಿ ಬೇಡ ಎಂದರು. ಬೆವರು ಸುರಿಸುತ್ತ ಬಂದ ನಮ್ಮವರು ಅಪ್ಪನ ಮಂಚದ ಪಕ್ಕ ನಿಂತು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. ಅವರು ತೋಳಿನಿಂದ ಮುಖ ಒರೆಸಿಕೊಂಡದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಟವೆಲ್ ಎಲ್ಲೈತ್ರಿ?" ಎಂದೆ.

ಅವರ ಕೈ ಹೆಗಲ ಮೇಲೆ ಹೋಯಿತು. ಅಲ್ಲೇ ನಿಂತಿತು. ನನ್ನ ಫೋನು ಕಸಿದುಕೊಂಡು ಹಿರೇಬೆಂಡಿಗೇರಿಯ ಲೈನ್‌ಮನ್‌ನ ನಂಬರು ಒತ್ತಿದರು. ನನ್ನ ನಂಬರು ನೆನಪಿಲ್ಲದ ಮನುಷ್ಯನಿಗೆ ಆತನ ನಂಬರು ಬಾಯಿಪಾಠವಿತ್ತು.

ಆ ಲೈನ್‌ಮನ್ ಅದೇ ಊರಿನವನು. ಐವತ್ತು ದಾಟಿದವನು, ಮಾತು ಕಡಿಮೆ. ಫೋನಿನಲ್ಲಿ ಆತನ ದನಿ ಮಂಚದಾಚೆಗೂ ಕೇಳಿಸುತ್ತಿತ್ತು.

"ಸಾಹೇಬ್ರ, ಎಲ್ಲದೀರಿ? ಆರಾಮದೀರಿಲ್ರಿ?"

"ಆರಾಮದೇನಿ. ಸವಣೂರಾಗದೇನಿ. ಲೈನ್ ಹಾಕಿದಿ?"

"ಇಲ್ರಿ."

"ಸ್ಟೇಶನ್ನಿಗೆ ಹೇಳೇನಲ್ಲ."

"ಅವರೂ ಹೇಳಿದ್ರು. ದೊಡ್ಡ ಸಾಹೇಬ್ರು ಮೂರು ಸಲ ಫೋನ್ ಮಾಡಿ ಹಾಕು ಅಂದ್ರು. ಹಿಡಕಿಗೆ ಎಲಿ ಟವೆಲ್ ಐತ್ರಿ. ನೀವು ಒಬ್ಬರ ಲೈನ್ ಕೆಳಗ ಹೋದದ್ದು ನೋಡೀನಿ. ಹೊಳ್ಳಿ ಬಂದದ್ದು ನೋಡಿಲ್ಲ. ನಿಮ್ಮ ಫೋನೂ ಹತ್ತಲಿಲ್ರಿ."

"ಮರ್ತು ಬಂದೇನಪಾ. ಎಲ್ಲಾರೂ ಇಳದಾರ. ನಾ ಹೇಳಾಕತ್ತೇನಿ, ಹಾಕು."

ಆ ಕಡೆಯಿಂದ ಹೆಂಗಸರ ಗಲಾಟೆ, ಖಾಲಿ ಕೊಡ ತಾಗಿದ ಸದ್ದು ಕೇಳುತ್ತಿತ್ತು.

"ದನಿ ನಿಮ್ಮದ ಐತ್ರಿ ಸಾಹೇಬ್ರ. ಆದ್ರ ಕಟ್ಟಿದವರ ಕೈನ ಬಿಚ್ಚಬೇಕು ಅಂತ ನೀವ ಹೇಳಿಕೊಟ್ಟೀರಿ. ಬಂದು ಬಿಚ್ಚಿಕೊಳ್ರಿ."

ನಮ್ಮವರು ಫೋನು ಕಿವಿಯಿಂದ ತೆಗೆದು ನನ್ನತ್ತ ನೋಡಿದರು. ಸಿಟ್ಟು ಬಂದಿದೆಯೆಂದು ನಾನು ತಿಳಿದೆ. ಅವರ ಕಣ್ಣಲ್ಲಿ ನೀರಿತ್ತು. ಮಲಗಿದ್ದ ಅಪ್ಪ ಎಲ್ಲ ಕೇಳಿಸಿಕೊಂಡಿದ್ದರು. "ಇಬ್ಬರೂ ಹೋಗ್ರಿ. ಮುರದ ಕೈ ಎಲ್ಲಿ ಓಡಿ ಹೋಗತೈತಿ?" ಎಂದರು. ನನ್ನ ಅಣ್ಣ ಅಪ್ಪನ ಹತ್ತಿರ ಉಳಿದ. ನಾನೂ ಬೈಕು ಹತ್ತಿದೆ. ನನ್ನ ಅಳುವೇ ಆ ಟವೆಲ್ಲನ್ನು ಮರೆಸಿತ್ತು.

ನಾವು ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಸ್ವಿಚ್ಚಿನ ಕಂಬಕ್ಕೆ ಬೆನ್ನು ಕೊಟ್ಟು ಆತ ಕುಕ್ಕರುಗಾಲಲ್ಲಿ ಕುಳಿತಿದ್ದ. ಎದುರಿಗೆ ಅರ್ಧ ಊರು. ಕೊಡ ಹಿಡಿದ ಹೆಂಗಸರು ನಲ್ಲಿಯ ಪಾಳಿ ಬಿಟ್ಟು ಇಲ್ಲಿಗೇ ಬಂದು ಕುಳಿತಿದ್ದರು. ಒಬ್ಬ ಅಜ್ಜಿ ಆತನತ್ತ ಕೈ ಮಾಡಿ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು, "ಒಂದು ಅರಿವಿ ಚೂರಿಗೆ ಊರ ಬಾಯಿ ಒಣಗಿಸ್ಯಾನ ನೋಡವ್ವ." ಮುಂದಿನ ಸಾಲಿನಲ್ಲಿ ಎರಡು ಕೊಡಗಳ ನಡುವೆ ಕುಳಿತಿದ್ದ ಹೆಂಗಸು ಎಲ್ಲರಿಗಿಂತ ಜೋರು.

"ಅದಕ್ಕ ಊದಿನಕಡ್ಡಿ ಹಚ್ಚಿ ಕಾಯಿ ಒಡಿಯೂಣೇನು? ಮೂರು ದಿನಾತು ಸೊಸಿ ತಲಿ ಮ್ಯಾಲ ನೀರು ಹಾಕ್ಕೊಂಡಿಲ್ಲ."

"ಹಾಕ್ಕೋತಾಳ ತಡಿ" ಎಂದ ಆತ.

"ನೀ ರಿಟೈರ್ ಆದ ಮ್ಯಾಲ?"

ಎಲ್ಲರೂ ನಕ್ಕರು. ಆಕೆ ಆತನ ಹೆಂಡತಿ ಎಂಬುದು ನನಗೆ ಆಗ ತಿಳಿಯಿತು. ನಾವು ಬರುವ ಮೊದಲು ಯಾರೋ ಬಿಸಿರಕ್ತದವನು ಟವೆಲ್ಲು ಕೀಳಲು ಬಂದಿದ್ದನಂತೆ. "ಮುಟ್ಟು. ನಾಳಿಂದ ಕಂಬಾ ನೀನ ಹತ್ತು" ಎಂದಿದ್ದನಂತೆ ಈತ. ಬಂದವನು ಕೈ ಹಿಂದೆ ತೆಗೆದುಕೊಂಡನಂತೆ.

ನಮ್ಮವರು ನೇರ ಹಿಡಿಕೆಯ ಹತ್ತಿರ ಹೋಗಿ ಗಂಟು ಬಿಚ್ಚಿದರು. ಬಿಸಿಲಿಗೆ ಟವೆಲ್ಲು ಹಪ್ಪಳದ ಹಾಗೆ ಬಿರುಸಾಗಿತ್ತು. ಆತ ಎದ್ದು ನಿಂತ. ನಮ್ಮವರ ಬೆವರಿದ ಮುಖವನ್ನು ಎದುರಿಗೇ ನೋಡುತ್ತಿದ್ದರೂ, ಕೇಳಬೇಕಾದ್ದನ್ನು ಕೇಳಿದ.

"ಎಲ್ಲಾರೂ ಇಳದಾರ್ರಿ?"

"ಎಲ್ಲಾರೂ ಇಳದಾರ."

"ನೀವು?"

"ನಾನೂ."

ಆಗ ಆತ ಎರಡೂ ಕೈಯಿಂದ ಹಿಡಿಕೆ ಎತ್ತಿದ. ಮೇಲೆ ಚಟ್ಟೆಂಬ ಸದ್ದು. ದೂರದಲ್ಲಿ ಟ್ರಾನ್ಸ್‌ಫಾರ್ಮರು ಗುಂಯ್ ಎಂದಿತು, ಅದರಾಚೆ ಪಂಪು ಕೆಮ್ಮಿ ಹಿಡಿದುಕೊಂಡಿತು. ಹೆಂಗಸರು ಕೊಡ ಎತ್ತಿಕೊಂಡು ಓಡಿದರು. ಕಾನ್ವೆಂಟಿನ ಪ್ರಾರ್ಥನಾ ಮಂದಿರದಲ್ಲಿ ಗಂಟೆ ನಿಂತ ಮೇಲೆ ಒಂದು ಮೌನ ಬರುತ್ತಿತ್ತು. ಅಂಥದೇ ಮೌನ ನನ್ನೊಳಗೆ ಬಂತು. ಸಾಹೇಬನ ಮಾತಿಗಿಂತ ಸಾಹೇಬನ ಟವೆಲ್ಲು ದೊಡ್ಡದು ಎಂದು ಆ ಮನುಷ್ಯ ಮೂರು ತಾಸು ಕುಳಿತಿದ್ದ. ಸಾಹೇಬ ಕಲಿಸಿದ್ದೂ ಅದನ್ನೇ.

ನಾಲ್ಕೈದು ದಿನಕ್ಕೆ ಆತನಿಗೆ ನೋಟೀಸು ಬಂತು. ಮೇಲಧಿಕಾರಿಯ ಆದೇಶ ಮೂರು ಬಾರಿ ಧಿಕ್ಕರಿಸಿ ಸಾರ್ವಜನಿಕರಿಗೆ ತೊಂದರೆ ಕೊಟ್ಟದ್ದಕ್ಕೆ ನಿನ್ನನ್ನು ಕೆಲಸದಿಂದ ಏಕೆ ತೆಗೆಯಬಾರದು ಎಂದು. ಆತನ ನಿವೃತ್ತಿಗೆ ಇನ್ನು ಕೆಲವೇ ವರ್ಷವಿತ್ತು.

ಸಂಘದ ಕಾರ್ಯದರ್ಶಿ ಅದೇ ಸಂಜೆ ನಮ್ಮ ಪಡಸಾಲೆಗೆ ಬಂದರು. ಒಳ್ಳೆಯ ಮನುಷ್ಯ, ಚಹಾವನ್ನು ಬಸಿಗೆ ಸುರುವಿ ಕುಡಿಯುವವರು, ಕುಡಿದ ಮೇಲೆ ಬಸಿಯ ಅಂಚನ್ನು ಬೆರಳಿನಿಂದ ಒರೆಸಿ ಇಡುವವರು. ಲೈನ್‌ಮನ್‌ನನ್ನೂ ಕರೆತಂದಿದ್ದರು. ಅವರು ದಾರಿ ಯೋಚಿಸಿಕೊಂಡೇ ಬಂದಿದ್ದರು.

"ಒಂದು ಮಾತು ಬರೀರಿ ಸಾಹೇಬ್ರ. ಲೈನ್ ಇನ್ನೊಮ್ಮೆ ಚೆಕ್ ಮಾಡೂದಿತ್ತು, ಅದಕ್ಕ ಬೇಕಂತನ ಟವೆಲ್ ಬಿಟ್ಟಿದ್ದೆ ಅಂತ. ಇವನೂ ಉಳಿತಾನ, ನೀವೂ ಉಳೀತೀರಿ. ಪ್ರಮೋಷನ್ ಪಟ್ಟಿ ತಯಾರಾಗಾಕತ್ತೈತಿ, ನೆನಪಿರಲಿ."

ನಾನು ಬಾಗಿಲ ಹತ್ತಿರ ಅವಲಕ್ಕಿಯ ತಾಟು ಹಿಡಿದು ನಿಂತಿದ್ದೆ. ಸುಳ್ಳಲ್ಲವೇ ಎಂದು ನನ್ನ ಕಾನ್ವೆಂಟಿನ ಮನಸ್ಸು ಕೇಳಿತು. ಇಷ್ಟು ಸಣ್ಣ ಸುಳ್ಳಿನಿಂದ ಒಂದು ಮನೆ ಉಳಿಯುತ್ತದಲ್ಲ ಎಂದು ಹೆಂಗಸಿನ ಮನಸ್ಸು ಹೇಳಿತು. ಆ ಗಳಿಗೆಯಲ್ಲಿ ಎರಡನೆಯದೇ ಗೆದ್ದಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಮಾತಾಡಿದ್ದು ಲೈನ್‌ಮನ್.

"ಬ್ಯಾಡ್ರಿ. ಮರ್ತದ್ದು ಮರ್ತದ್ದು. ನಾಳೆ ಇನ್ನೊಬ್ಬ ಟವೆಲ್ ಕಟ್ಟಿ ಮನೀಗೆ ಹೋಗಿ, ಬೇಕಂತನ ಬಿಟ್ಟಿದ್ದೆ ಅಂತಾನ. ಆಮ್ಯಾಲ ಟವೆಲ್ಲಿನ ಮಾತು ಯಾರು ನಂಬ್ತಾರ್ರಿ?"

"ನಿನ್ನ ನೌಕರಿ ಹೊಕ್ಕೈತಲೇ" ಎಂದರು ಕಾರ್ಯದರ್ಶಿ.

"ಹೋದ್ರ ಅಕೀ ಬೈತಾಳ. ಈಗೇನು ಬಿಟ್ಟಾಳೇನು?"

ಕಾರ್ಯದರ್ಶಿ ನಕ್ಕು ಬಸಿ ಕೆಳಗಿಟ್ಟರು. ನಮ್ಮವರು ಅಂದೇ ಕುಳಿತು ಹೇಳಿಕೆ ಬರೆದರು. ಬರೆದಿದ್ದು ನಾಲ್ಕೇ ಸಾಲು. ನನಗೆ ಓದಲು ಕೊಟ್ಟರು. ಟವೆಲ್ಲು ಮರೆತದ್ದು ನನ್ನ ತಪ್ಪು. ಅಂದು ಆತ ಲೈನು ಹಾಕಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ ಹಾಕಿದ್ದರೆ ಮರುದಿನದಿಂದ ನನಗೆ ಯಾರಿಗೂ ಕಂಬ ಹತ್ತು ಎಂದು ಹೇಳಲಾಗುತ್ತಿರಲಿಲ್ಲ. ಶಿಕ್ಷೆ ಇದ್ದರೆ ನನಗೆ ಕೊಡಬೇಕು.

ವಿಚಾರಣೆಗೆ ಹುಬ್ಬಳ್ಳಿಯಿಂದ ಒಬ್ಬ ಅಧಿಕಾರಿ ಶಿಗ್ಗಾವಿಗೆ ಬಂದರು. ಟವೆಲ್ಲನ್ನು ನೋಡಬೇಕು ಎಂದರಂತೆ. ನಾನೇ ಅದನ್ನು ಒಯ್ದು ಕೊಟ್ಟು, ಹೊರಗೆ ಬೇವಿನ ಗಿಡದ ಕೆಳಗಿನ ಬೆಂಚಿನಲ್ಲಿ ಕುಳಿತೆ. ಅಲ್ಲಿ ಆಗಲೇ ಲೈನ್‌ಮನ್‌ನ ಹೆಂಡತಿ ಕುಳಿತಿದ್ದಳು, ಕೈಯಲ್ಲಿ ಬುತ್ತಿ. ಮೊನ್ನೆಯ ಜೋರು ಇರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಕಿಟಕಿ ತೆರೆದಿತ್ತು. ಒಳಗಿನ ಮಾತು ನಮಗೆ ಕೇಳಿಸುತ್ತಿತ್ತು.

"ಲೈನ್ ಕ್ಲಿಯರ್ ವಾಪಸ್ ಬಂದದ್ದು ಬುಕ್ಕಿನ್ಯಾಗ ಐತಿ. ಆರ್ಡರ್ ಮೂರು ಸಲ ಬಂತು. ಯಾಕ ಹಾಕಲಿಲ್ಲ?" ಅಧಿಕಾರಿಯ ದನಿ.

"ಟವೆಲ್ ಇತ್ರಿ."

"ಟವೆಲ್ ಯಾವ ರೂಲಿನ್ಯಾಗ ಐತಿ?"

"ರೂಲಿನ್ಯಾಗ ಇಲ್ರಿ. ಹಿಡಕಿಗೆ ಇತ್ತು."

ಪಕ್ಕದಲ್ಲಿ ಅವಳ ಬೆರಳು ನಿಂತಿತು.

"ಸಾಹೇಬ್ರು ಸ್ವತಃ ಫೋನ್ ಮಾಡಿ ಹೇಳಿದ್ರೂ ಹಾಕಲಿಲ್ಲ. ಮರ್ತು ಹೋಗ್ಯಾರ ಅಂತ ಅನ್ನಿಸಲಿಲ್ಲೇನು?"

"ಅನ್ನಿಸ್ತ್ರಿ. ಫೋನ್ ಬರೂಕಿಂತ ಮೊದಲ ಅನ್ನಿಸಿತ್ತು."

"ಮತ್ತ?"

"ಅನ್ನಿಸಿದ್ದರ ಮ್ಯಾಲ ಹಿಡಕಿ ಎತ್ತಾಕ ಬರೂದಿಲ್ರಿ. ಒಂದು ಸಲ ಎತ್ತಿದ್ರ, ಮುಂದಿನ ಸಲಾನೂ ಮರ್ತಾರ ಅಂತ ಅನ್ನಸ್ತೈತಿ. ಆವತ್ತು ಮ್ಯಾಲ ಯಾರರ ಇರ್ತಾರ."

ಕಿಟಕಿಯಿಂದ ನಾನು ನೋಡಿದೆ. ಅಧಿಕಾರಿ ಟವೆಲ್ಲನ್ನು ಎತ್ತಿ ಮೂಲೆಯ ಎಲೆಯನ್ನು ನೋಡಿದರು, ತಿರುವಿ ಹಿಂಬದಿಯನ್ನೂ ನೋಡಿದರು. ನಾನು ಬೆಂಚಿನಿಂದ ಎದ್ದು ನಿಂತೆ, ಸಿಸ್ಟರ್ ಮುಂದೆ ನಿಲ್ಲುತ್ತಿದ್ದ ಹಾಗೆ. ಅವರು ಅದನ್ನು ಮೇಜಿನ ಮೇಲಿಟ್ಟು, "ಆತು, ತಗೊಂಡು ಹೋಗ್ರಿ" ಎಂದು ಲೈನ್‌ಮನ್ ಕಡೆ ಸರಿಸಿದರು.

ಆತ ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತ. ಮುಟ್ಟಲಿಲ್ಲ. ಬೇಕೆಂದು ಮಾಡಿದ್ದಲ್ಲ, ರೂಢಿಯಿಂದ. ಅಧಿಕಾರಿ ಆತನನ್ನು ನೋಡಿದರು, ಟವೆಲ್ಲನ್ನು ನೋಡಿದರು. ಆಮೇಲೆ ಗೋಡೆಯ ಹತ್ತಿರ ನಿಂತಿದ್ದ ನಮ್ಮವರ ಕಡೆಗೆ ತಿರುಗಿದರು. ನಮ್ಮವರು ಮುಂದೆ ಬಂದು ಅದನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು ಏನೋ ಬರೆಯತೊಡಗಿದರು.

ಲೈನ್‌ಮನ್‌ನ ನೋಟೀಸು ಹಿಂದೆ ಹೋಯಿತು. ನಮ್ಮವರಿಗೆ ಎಚ್ಚರಿಕೆಯ ಪತ್ರ ಬಂತು, ಆ ವರ್ಷದ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಅವರು ಪಟ್ಟಿಯನ್ನು ಎರಡು ಸಲ ಓದಿ ಮಡಚಿಟ್ಟರು, ಊಟದಲ್ಲಿ ಒಂದು ರೊಟ್ಟಿ ಕಡಿಮೆ ತಿಂದರು. ಅಷ್ಟೇ. ಆಮೇಲೆ ಕಂಪನಿಯಿಂದ ಹಿಡಿಕೆಗಳಿಗೆ ಹಾಕಲು ಬೀಗಗಳು ಬಂದವು. ಈಗ ಬೀಗವನ್ನೂ ಹಾಕುತ್ತಾರೆ, ಅದರ ಮೇಲೆ ಟವೆಲ್ಲನ್ನೂ ಕಟ್ಟುತ್ತಾರೆ.

ಒಂದು ದಿನ ಲೈನ್‌ಮನ್‌ನ ಹೆಂಡತಿ ಸಂತೆಗೆ ಬಂದವಳು ನಮ್ಮ ಮನೆಗೆ ಬಂದಳು. ಚೀಲದಿಂದ ಹೊಸ ಟವೆಲ್ಲು ತೆಗೆದಳು.

"ನಮ್ಮನಿಯವರ ಟವೆಲ್ಲಿಗೂ ಒಂದು ಗುರ್ತು ಹಾಕಿಕೊಡ್ರಿ ಅಕ್ಕಾರ."

"ಎಲಿ ಹಾಕಲ್ಯಾ?"

"ಎಲಿ ಯಾಕ್ರಿ? ಕೊಡಾ ಹಾಕ್ರಿ. ಕಟ್ಟುಮುಂದ ಬಿಚ್ಚುಮುಂದ ನಾ ಕುಂತದ್ದು ನೆನಪಾಗ್ಲಿ."

ಅವಳು ಚಹಾ ಕುಡಿಯುವಷ್ಟರಲ್ಲಿ ನೀಲಿ ದಾರದಲ್ಲಿ ಸಣ್ಣದೊಂದು ಕೊಡ ಹೆಣೆದುಕೊಟ್ಟೆ. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ತುಂಬೈತೋ ಖಾಲಿ ಐತೋ?"

ನಾನು ಟವೆಲ್ಲನ್ನು ಮರಳಿ ತೆಗೆದುಕೊಂಡು, ಕೊಡದ ಕಂಠದ ಹತ್ತಿರ ತುಳುಕಿದ ಎರಡು ಹನಿ ಹೆಣೆದು ಕೊಟ್ಟೆ.

"ಹಂಗಾರ ಇರ್ಲಿ" ಎಂದು ಅವಳು ಮಡಚಿ ಚೀಲಕ್ಕೆ ಹಾಕಿಕೊಂಡಳು.